ಕೌಲ್ ಬಜಾರಿನಲ್ಲಿ ಸಿಗುವ ಹೋಜರಿ ಧೂಪ: ಹರಳು ಚೆನ್ನ, ಚೀಟಿ ಸುಳ್ಳು

ಬಳ್ಳಾರಿಯ ಕೌಲ್ ಬಜಾರ್ ಕಡೆ ಅತ್ತರ್ ಅಂಗಡಿಯಲ್ಲಿ ಸಿಗುವ 50 ಗ್ರಾಮಿನ 'ಹೋಜರಿ' (ಮರದ ಅಂಟು ಗಟ್ಟಿಯಾಗಿ ಆಗುವ ಮೇಲ್ದರ್ಜೆಯ ಧೂಪ) ಡಬ್ಬಿ ಒಮಾನಿನ ದಕ್ಷಿಣ ತುದಿ, ಧೋಫಾರಿನ ಮಾಲು. ಒಳಗಿನ ಹರಳು ಚೆನ್ನಾಗಿದೆ. ಜೊತೆಗಿಟ್ಟ ಚೀಟಿಯನ್ನು ಮಾತ್ರ ನಂಬಬೇಡಿ.

ಧೋಫಾರಿನ ಪಟ್ಟಣ ಸಲಾಲಾದ ಹಸಿರು ಗುಡ್ಡದ ಮರದ್ದು ಅಂತ ಅದರಲ್ಲಿ ಅಚ್ಚಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖರೀಫ್ ಎಂಬ ಮಳೆಗಾಲದ ಮಂಜು, ತುಂತುರು ಬಿದ್ದು ಅಲ್ಲಿನ ಗುಡ್ಡ ಹಸಿರಾಗುವುದು ನಿಜ. ತೆಂಗು, ಬಾಳೆ ಕೂಡ ಬೆಳೆಯುತ್ತವೆ. ಆದರೆ ಮೇಲ್ದರ್ಜೆಯ ಧೂಪ ಬರುವುದು ಗುಡ್ಡಸಾಲಿನ ಆಚೆ ಬದಿಯ, ಆ ಮಳೆ ತಲುಪದ ಕಲ್ಲುಕಣಿವೆಗಳಿಂದ. ಕಡಲ ಬದಿಯ ಮರದ್ದು ಶಾಬಿ, ಕೆಳದರ್ಜೆ.

ತೊಗಟೆಯನ್ನು ಮನ್ಕಫ್ ಎಂಬ ಉಳಿಯಿಂದ ಹೆರೆಯುತ್ತಾರೆ. ಮೊದಲ ಸಲ ಒಸರಿದ್ದು ಕೆಲಸಕ್ಕೆ ಬಾರದು, ಒಂದೆರಡು ವಾರ ಬಿಟ್ಟು ಮತ್ತೆ ಮತ್ತೆ ಹೆರೆದ ಮೇಲೆಯೇ ಒಳ್ಳೆಯ ಹರಳು. ಹೋಜರಿ ಬಿಳಿ, ಕೆಲವಕ್ಕೆ ತಿಳಿಹಸಿರು ಛಾಯೆ. ಕಂದು ಹರಳೇ ಹೆಚ್ಚಿದ್ದರೆ ಹೋಜರಿಯ ಬೆಲೆ ಕೊಡಬೇಡಿ. ಒಂದನ್ನು ಪುಡಿಮಾಡಿ ನೀರು ಹನಿಸಿ ಉಜ್ಜಿ: ಅಂಟಿನ ಅಂಶ ಕರಗಿ ಹಾಲಿನಂತೆ ಬೆಳ್ಳಗಾಗಬೇಕು. ಅಂಟಿಲ್ಲದ ಬರೀ ರಾಳವಾದರೆ ಪುಡಿ ಪುಡಿಯಾಗಿಯೇ ಉಳಿಯುತ್ತದೆ.

ಬಹಳ ಜನ ಕೆಡಿಸುವುದು ಉರಿಸುವಾಗ. ಕೆಂಪು ಕೆಂಡದ ಮೇಲೆ ನೇರ ಹಾಕಿದರೆ ನಿಂಬೆಯಂಥ ಪರಿಮಳ ತಟ್ಟನೆ ಹಾರಿ ಕಮಟು ಹೊಗೆ ಉಳಿಯುತ್ತದೆ. ಇದ್ದಿಲಿನ ಮೇಲೆ ಬೂದಿ ಕಟ್ಟುವವರೆಗೆ ಕಾಯಿರಿ, ಇನ್ನೊಂದು ಚಿಟಿಕೆ ಬೂದಿ ಉದುರಿಸಿ, ಬಟಾಣಿ ಗಾತ್ರದ ಎರಡು ಹರಳು ಇಡಿ. ಒಂದು ಕೋಣೆಗೆ ಧಾರಾಳ. ದೊಡ್ಡ ಡಬ್ಬಿಯ ಜೊತೆ ಬರುವ ಬಣ್ಣದ ಮಣ್ಣಿನ ಮಜ್ಮರ್ (ಧೂಪದಾನಿ) ನೋಡಲು ಚೆಂದ, ತಳಕ್ಕೆ ಮರಳು ಹಾಕದಿದ್ದರೆ ಬಿರುಕು ಬಿಡುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಹರಳು ಒಂದಕ್ಕೊಂದು ಅಂಟಿ ಗಡ್ಡೆಯಾದರೆ ಕೆಟ್ಟಿತೆಂದು ಎಸೆಯಬೇಡಿ, ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತಟ್ಟಿದರೆ ಬಿಡಿಯಾಗುತ್ತದೆ.

ಚೀಟಿಯ ಅರ್ಧ ಜಾಗ ಶೀಬಾ ರಾಣಿಯ ಕತೆಗೇ ಹೋಗಿದೆ. ಧೋಫಾರಿನ ಹಳೆಯ ಬಂದರು ಸುಮ್ಹುರಾಮಿನಲ್ಲಿ ಭಾರತದ ಕಂಚಿನ ಸಾಲಭಂಜಿಕೆ ಸಿಕ್ಕಿದ್ದನ್ನು ಬರೆಯಬಹುದಿತ್ತು. 1ನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯ ಪ್ರಕಾರ ಭಾರತದಿಂದ ಮರಳುವ ಹಡಗುಗಳು ಆ ತೀರದಲ್ಲಿ ಬಟ್ಟೆ, ಗೋಧಿ, ಎಳ್ಳೆಣ್ಣೆ ಕೊಟ್ಟು ಧೂಪ ಕೊಳ್ಳುತ್ತಿದ್ದವು. ಹತ್ತಿ ಬೆಳೆಯುವ ಊರಿನ ಗಿರಾಕಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ?

ದಿನಾ ಸಂಜೆ ಹೊಗೆ ಹಾಕುವ ಮನೆಗೆ ಇದು ದುಬಾರಿ, ಮಾಮೂಲಿ ಧೂಪವೇ ಸಾಕು. ಹಬ್ಬಕ್ಕೋ ಉರುಸಿಗೋ ಬೇಕಿದ್ದರೆ ಮುಚ್ಚಿದ ಡಬ್ಬಿಯ ಬದಲು ಬಿಡಿ ಮಾಲು ಕೇಳಿ, ಹರಳನ್ನು ಅಂಗೈಗೆ ಹಾಕಿಸಿಕೊಂಡು ನೋಡಿಯೇ ತೂಕ ಹಾಕಿಸಿ.