ಸಹಾಯಕ ಕೋಚ್: ಉಳಿಯುವುದೋ, ಹೊರಡುವುದೋ?

ಅಮೆರಿಕದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಹಾಯಕ ಕೋಚ್ ಆದವರನ್ನು ಈ ಪ್ರಶ್ನೆ ಕಾಡದೆ ಬಿಡದು.

ಉಳಿದವರಲ್ಲಿ ದೊಡ್ಡ ಹೆಸರು ಕ್ರಿಸ್ ಡೇಲಿ. 1985ರಲ್ಲಿ ಮುಖ್ಯ ಕೋಚ್ ಜೀನೊ ಔರಿಯೆಮಾ ಜತೆ ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಬಂದವರು ಅಲ್ಲೇ ನೆಲೆನಿಂತರು. 2025ರವರೆಗೆ ತಂಡ ಗೆದ್ದ 12 ರಾಷ್ಟ್ರೀಯ ಪ್ರಶಸ್ತಿಗಳಲ್ಲೂ ಅವರ ಪಾಲಿದೆ. ಸೋತಾಗ ಬೈಗುಳ ಬೀಳುವುದು ಮುಖ್ಯ ಕೋಚ್‌ಗೆ, ಅದೊಂದು ನೆಮ್ಮದಿ. ಆದರೆ ಅವರ ಕುರ್ಚಿ ಹೋದರೆ ನಿಮ್ಮದೂ ಹೋಗಬಹುದು. ಹೊಸಬರು ಸಾಮಾನ್ಯವಾಗಿ ತಮ್ಮವರನ್ನೇ ಕರೆತರುತ್ತಾರೆ.

ಹೊರಟವರಲ್ಲಿ ಕಿಮ್ ಮಲ್ಕಿ: ಲೂಸಿಯಾನಾ ಟೆಕ್‌ನಲ್ಲಿ 15 ವರ್ಷ ಸಹಾಯಕರಾಗಿದ್ದು, 2000ರಲ್ಲಿ ಬೇಲರ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದರು. 2005ಕ್ಕೇ ರಾಷ್ಟ್ರೀಯ ಪ್ರಶಸ್ತಿ! ಎಲ್ಲರಿಗೂ ಹೀಗೆ ಒಲಿಯದು ಅನ್ನಿ. ನೀಯೆಲ್ ಐವಿ ಎರಡನ್ನೂ ಬೆರೆಸಿದರು: ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಸಹಾಯಕರಾಗಿ 12 ವರ್ಷ, ನಡುವೆ ಪುರುಷರ ವೃತ್ತಿಪರ ಲೀಗ್ ಎನ್‌ಬಿಎಯ ಮೆಂಫಿಸ್ ತಂಡ, 2020ರಲ್ಲಿ ಅದೇ ನೋಟರ್ ಡೇಮ್‌ಗೆ ಮುಖ್ಯ ಕೋಚ್ ಆಗಿ ವಾಪಸ್.

ಮುಂದೆ ಮುಖ್ಯ ಕೋಚ್ ಆಗುವ ಆಸೆಯಿದ್ದರೆ ಸಂಬಳಕ್ಕಿಂತ ಮೊದಲು ಕೆಲಸದ ವಿವರ ಕೇಳಿ. 2023ರಲ್ಲಿ ಡಿವಿಷನ್ 1 (ಕಾಲೇಜು ಕ್ರೀಡೆಯ ಅತ್ಯುನ್ನತ ಹಂತ) ತಂಡಗಳಿಗೆ ಇನ್ನಿಬ್ಬರು ಸಹಾಯಕರನ್ನು ಸೇರಿಸಲು ಅನುಮತಿ ಸಿಕ್ಕಿತು, ಆದರೆ ಅವರು ಕ್ಯಾಂಪಸ್ ಹೊರಗೆ ಹೋಗಿ ಆಟಗಾರ್ತಿಯರನ್ನು ಸೆಳೆಯುವಂತಿಲ್ಲ ಎಂಬ ಷರತ್ತಿನೊಂದಿಗೆ. ನನ್ನ ಪ್ರಕಾರ, ಆ ಓಡಾಟ ಇರುವ ಹುದ್ದೆ ಸಣ್ಣ ಕಾಲೇಜಿನದಾದರೂ ಮೇಲು.