ಭೀಮೆಯಲ್ಲಿ ತೇಲೋಕೆ ಯಾವುದು ಸೈ: ಟ್ಯೂಬೋ, ಗಾಳಿ ದೋಣಿಯೋ, ಹರಿಗೋಲೋ?

ಮಳೆಗಾಲದಲ್ಲಿ ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟರೆ ಇತ್ತ ಅಫಜಲಪುರದ ಕಡೆಯ ಸೊನ್ನ ಬ್ಯಾರೇಜಿನ ಗೇಟು ಏಳುತ್ತವೆ. ಆಗ ಭೀಮೆಗೆ ಇಳಿಯುವ ಮಾತೇ ಬೇಡ. ಮಳೆ ಮುಗಿದು ಗೇಟು ಇಳಿಸಿದ ಮೇಲೆ, ನವೆಂಬರಿನಿಂದ ಜನವರಿ ತನಕ, ನೀರು ನಿಂತುಬಿಡುತ್ತದೆ. ಸೆಳೆತದ ಭಯ ಕಡಿಮೆ, ಸರಿ. ಆದರೆ ಮುಂದಕ್ಕೆ ಒಯ್ಯುವವರೂ ಯಾರೂ ಇಲ್ಲ. ಹಾಗಾಗಿ ಕಲಬುರಗಿ ಜಿಲ್ಲೆಯ ಸನ್ನತಿ ಬ್ಯಾರೇಜಿನ ಮೇಲ್ಗಡೆ ಈ ಮೂರನ್ನೂ ಇಳಿಸಿ ನೋಡಿದಾಗ ಫಲಿತಾಂಶ ಬರೆದದ್ದು ನೀರಲ್ಲ, ಗಾಳಿ.

ಲಾರಿ ಟ್ಯೂಬ್ ಅಗ್ಗ. ಕಲಬುರಗಿಯ ಪಂಕ್ಚರ್ ಅಂಗಡಿಗಳಲ್ಲಿ ಪ್ಯಾಚ್ ಹಾಕಿದ ಹಳೇದು ಸಿಗುತ್ತದೆ. ಅದರ ಲೋಹದ ವಾಲ್ವ್ ಬೆರಳುದ್ದ ಒಳಕ್ಕೆ ಚಾಚಿರುತ್ತದೆ, ಬಟ್ಟೆ ಸುತ್ತಿ ದಾರ ಬಿಗಿಯದಿದ್ದರೆ ಪಕ್ಕೆ ಕೆರೆದುಬಿಡುತ್ತದೆ. ಬಿಸಿಲೇರಿದರೆ ಕರಿ ರಬ್ಬರ್ ರೊಟ್ಟಿ ಹಂಚಿನಂತೆ ಕಾಯುತ್ತದೆ. ಬುತ್ತಿ ಇಡಲು ಜಾಗವಿಲ್ಲ, ಕೈಯಲ್ಲಿ ನೀರು ತಳ್ಳಿ ಎಷ್ಟು ದೂರ ಹೋದೀರಿ? ದಡದ ಹತ್ತಿರ ಆಡಲು ಸಾಕು.

ಗಾಳಿ ತುಂಬುವ ದೋಣಿ ಇಬ್ಬರಿಗೆ ಚಲೋ. ಮಡಚಿ ಬೈಕಿಗೆ ಕಟ್ಟಬಹುದು, ಬೆಳಗಿನ ಜಾವ ಹುಟ್ಟು ಹಾಕಿದರೆ ಸಲೀಸಾಗಿ ಜಾರುತ್ತದೆ. ಹೊತ್ತೇರಿದ ಮೇಲೆ ಆಟ ಬೇರೆ. ಭೀಮೆ ಹರಿಯುವುದು ಹೆಚ್ಚುಕಡಿಮೆ ಆಗ್ನೇಯಕ್ಕೆ, ಚಳಿಗಾಲದ ಗಾಳಿ ಬರುವುದು ಮೂಡಣದಿಂದ. ನೀರಲ್ಲಿ ಆಳಕ್ಕೆ ಕೂರದ ಈ ಹಗುರ ದೋಣಿಯ ಮೂತಿಯನ್ನು ಅದು ತಿರುವುತ್ತಲೇ ಇರುತ್ತದೆ. ಇನ್ನೊಂದು ಶತ್ರು ಬಳ್ಳಾರಿ ಜಾಲಿ. ಮುರಿದುಬಿದ್ದ ಮುಳ್ಳು ದಡದ ಕೆಸರಲ್ಲಿ ಕಾಣುವುದಿಲ್ಲ. ದೋಣಿಯನ್ನು ಎಳೆಯಬಾರದು, ಎತ್ತಿಕೊಂಡೇ ಹತ್ತಬೇಕು.

ನನ್ನ ಓಟು ಹರಿಗೋಲಿಗೆ, ಅದೂ ಅಂಬಿಗರ ಸಮೇತ. ಬಿದಿರ ಸೀಳಿನ ಹೆಣಿಗೆ. ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ತಳ ಚಪ್ಪಟೆ, ಮೊಣಕಾಲುದ್ದ ನೀರಲ್ಲೂ ಬಂಡೆ ದಾಟುತ್ತದೆ. ನಾಲ್ಕು ಜನ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ನೀರಿನ ಕ್ಯಾನು ಎಲ್ಲ ಹಿಡಿಸಿತು. ನಾನು ಹುಟ್ಟು ಹಿಡಿದದ್ದೇ ತಡ, ಗಿರಗಿರ ತಿರುಗತೊಡಗಿತು. ‘ಬಾಜೂಕ ಹಾಕಬ್ಯಾಡ್ರಿ. ಮುಂದ ಹಾಕಿ ನಿಮ್ ಕಡಿ ಎಳೀರಿ’ ಅಂದರು ಅಂಬಿಗ ಕಾಕಾ. ಹಾಗೆ ಎಳೆದ ಮೇಲೆ ನೆಟ್ಟಗಾಯಿತು, ತೋಳು ಮಾತ್ರ ಬಿದ್ದುಹೋಯಿತು. ಗಾಳಿಗೆ ಇದೂ ಜಗ್ಗುತ್ತದೆ, ಆದರೆ ಕಾಕಾಗೆ ದಡದ ಮರೆ ಹಿಡಿದು ಸಾಗಲು ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಲೆ ಎಲ್ಲಿ ಕಟ್ಟಿದೆ, ಮರಳು ತೆಗೆದ ಗುಂಡಿ ಎಲ್ಲಿದೆ ಅಂತ ಗೊತ್ತು. ಮೊಣಕಾಲಿಗಿದ್ದ ನೀರು ಒಂದೇ ಹೆಜ್ಜೆಗೆ ತಲೆ ಮುಳುಗಿಸುವುದು ಆ ಗುಂಡಿಗಳಲ್ಲೇ. ಈಜು ಬಂದವರೂ ಅಲ್ಲಿ ತಬ್ಬಿಬ್ಬಾಗುತ್ತಾರೆ. ಲೈಫ್ ಜಾಕೆಟ್ ಮಾತ್ರ ನೀವೇ ಒಯ್ಯಬೇಕು, ಹರಿಗೋಲಿನಲ್ಲಿ ಇರಲಿಲ್ಲ.

ಇದೇ ಲೆಕ್ಕದಲ್ಲಿ ನಾರಾಯಣಪುರ ಡ್ಯಾಮಿನ ಕೆಳಗೆ ಕೃಷ್ಣೆಗೆ ಇಳಿಯಬೇಡಿ. ಅಲ್ಲಿ ಬಂಡೆ, ಮೊಸಳೆ, ಡ್ಯಾಮಿನಿಂದ ಬಿಡುವ ನೀರು, ಮೂರೂ ಕಾದಿರುತ್ತವೆ.

ಭೀಮೆಯಲ್ಲೂ ಬ್ಯಾರೇಜ್ ಇನ್ನೂ ದೂರವಿರುವಾಗಲೇ ದಡ ಸೇರಿ, ಗೇಟಿನ ಬಾಯಿಯ ಸೆಳೆತ ಮೇಲೆ ಕಾಣದು. ಏಳಕ್ಕೆ ಇಳಿದು ಹನ್ನೊಂದರೊಳಗೆ ಮುಗಿಸಿದರೆ ಗಾಳಿಯ ಕಾಟವೂ ತಪ್ಪುತ್ತದೆ. ಸನ್ನತಿಯ ಚಂದ್ರಲಾಂಬೆ ಗುಡಿ, ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪ ಎರಡಕ್ಕೂ ಮಧ್ಯಾಹ್ನ ಉಳಿಯುತ್ತದೆ.