ದಂಡಿನ ಜಾಡಿನಲ್ಲಿ ಸುರಪುರ: ಅರ್ಧ ದಿನದ ನಡಿಗೆ

ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಸ್ಥಳೀಯ ಮಾರ್ಗದರ್ಶಕರೊಬ್ಬರು ನಡೆಸಿಕೊಡುವ ಇತಿಹಾಸದ ನಡಿಗೆಗೆ ನಾವು ನಾಲ್ವರು ತಲಾ 300 ರೂಪಾಯಿ ಕೊಟ್ಟು ಹೋಗಿದ್ದೆವು. ಇಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಟೇಲರ್ ಮಂಜಿಲ್‌ನ ಎದುರು ನಿಂತು ಮಾರ್ಗದರ್ಶಕರು, ಸುರಪುರ ಬ್ರಿಟಿಷರ ವಿರುದ್ಧ ಸಿಡಿದೆದ್ದ 1858ರ ಫೆಬ್ರವರಿಯ ಕಥೆಯನ್ನು ಬಿಡಿಸಿ ಹೇಳಿದ್ದೇ ಈ ನಡಿಗೆಯ ಜೀವಾಳ. ಲಿಂಗಸುಗೂರಿನ ದಂಡಿನ ಠಾಣ್ಯದಿಂದ ಬಂದ ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ವಿಂಡಮ್‌ನ ಸೇನೆ ಊರ ಹೊರಗೆ ಡೇರೆ ಹಾಕಿದ್ದು, ರಾತ್ರಿ ಆ ಬಿಡಾರದ ಮೇಲೆ ಸುರಪುರದವರು ಎರಗಿದ್ದು, ಮುಂದಿನ ಕಾಳಗದಲ್ಲಿ ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಮಡಿದದ್ದು, ಇವೆಲ್ಲವನ್ನೂ ಅವರು ಮಣ್ಣಿನಲ್ಲಿ ಕೋಲಿನಿಂದ ಗೆರೆ ಎಳೆದು, ಬೆಣಚುಕಲ್ಲುಗಳನ್ನು ಕುದುರೆಗಳೆಂದು ಸಾಲಾಗಿಟ್ಟು ತೋರಿಸಿದರು. ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ ಸುರಪುರದ ಅರಸ ರಾಜಾ ವೆಂಕಟಪ್ಪ ನಾಯಕರು ಸೆರೆಯಲ್ಲಿದ್ದಾಗಲೇ ಗುಂಡಿಗೆ ಬಲಿಯಾದ ಭಾಗ ಬಂದಾಗ ಮಾರ್ಗದರ್ಶಕರ ದನಿ ತಾನಾಗಿಯೇ ತಗ್ಗಿತು. ಆದರೆ ಸಂಸ್ಥಾನ ನಿಜಾಮರ ಪಾಲಾದ ಬಗೆಯನ್ನು ಎರಡೇ ಮಾತಿನಲ್ಲಿ ಮುಗಿಸಿದ್ದು ನನಗೆ ಸರಿಯೆನಿಸಲಿಲ್ಲ. ನಮ್ಮ ಭಾಗದ ನೂರು ವರ್ಷದ ಹಣೆಬರಹ ಅಲ್ಲಿಯೇ ಇದೆಯಲ್ಲವೇ? ಡೇರೆಗಳಿದ್ದವೆಂದು ಅವರು ತೋರಿಸಿದ ಬಯಲಿನಲ್ಲಿ ಈಗ ತೊಗರಿ ಹೊಲವಷ್ಟೇ ಇರುವುದರಿಂದ, ಕೋಟೆ ಕೊತ್ತಲಗಳ ಆಸೆಯಿಂದ ಬರುವವರಿಗೆ ನಿರಾಸೆಯಾದೀತು. ಗುಡ್ಡದ ಮೇಲೆ ನಮಗೆ ಕುಡಿಯುವ ನೀರು ಸಿಗಲಿಲ್ಲ. ಬಾಟಲಿ ತುಂಬಿಸಿಕೊಂಡು, ಬಿಸಿಲೇರುವ ಮೊದಲೇ ಹತ್ತಬೇಕು.